ಹತ್ತಿ ಮಿಲ್ಲು, ಪ್ಲಾನಿಂಗ್ ಸಾಫ್ಟ್‌ವೇರು ಮತ್ತು ಛೇದದಲ್ಲಿರದ ಗಂಟೆಗಳು

ಪ್ರೊಡಕ್ಟಿವಿಟಿ ಅಂದ್ರೇನು ಅಂತ ವೈವಾದಲ್ಲಿ ಕೇಳಿದರೆ ನಾವೆಲ್ಲ ಒಂದೇ ಉಸಿರಿಗೆ ಹೇಳ್ತೀವಿ: ಔಟ್‌ಪುಟ್ ಭಾಗಿಸು ಇನ್‌ಪುಟ್. ನನ್ನಂಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇದು ಇನ್ನೂ ಸುಲಭ. ಮೇಲಿರೋದು ಅಂಶ, ಕೆಳಗಿರೋದು ಛೇದ. ಅಂಶ ಹೆಚ್ಚಾಗಬೇಕು, ಇಲ್ಲವೇ ಛೇದ ಕಡಿಮೆಯಾಗಬೇಕು. ಎರಡು ಮಾರ್ಕ್ಸ್ ಬಂತು, ಮುಗೀತು. ಆದರೆ ಆ ಛೇದದಲ್ಲಿ ಯಾರ ಗಂಟೆಗಳನ್ನು ಹಾಕಬೇಕು, ಯಾರ ಗಂಟೆಗಳನ್ನು ಬಿಡಬೇಕು ಅಂತ ಯಾವ ಎಕ್ಸಾಮಿನರೂ ನನ್ನನ್ನು ಕೇಳಿಲ್ಲ. ಆ ಪ್ರಶ್ನೆ ಎದುರಾಗಿದ್ದು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ, ಪ್ರಾಜೆಕ್ಟ್ ಮಾಡುವಾಗ.

ನಮ್ಮೂರು ಅರಕೇರಾ. ಮೊದಲು ದೇವದುರ್ಗ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹತ್ತಿದ ಕಡೆ ಭತ್ತ, ಉಳಿದ ಎರೆ ಹೊಲದಲ್ಲಿ ಹತ್ತಿ, ತೊಗರಿ. ನಮ್ಮ ಮನೆಯದು ಹತ್ತಿ. ದೀಪಾವಳಿ ಆಸುಪಾಸಿಗೆ ಹತ್ತಿ ಬಿಡಿಸೋದು ಶುರುವಾದರೆ ಟ್ರ್ಯಾಕ್ಟರು, ಪಿಕಪ್ಪು ಎಲ್ಲಾ ರಾಯಚೂರಿನ ದಾರಿ ಹಿಡೀತಾವೆ. ಪ್ರಾಜೆಕ್ಟಿಗೆ ನಮ್ಮ ಕ್ಲಾಸಿನವರು ಬೆಂಗಳೂರು, ಹೊಸೂರಿನ ಆಟೊಮೊಬೈಲ್ ಕಂಪನಿಗಳಿಗೆ ಅರ್ಜಿ ಹಾಕಿದರು. ನಾನೂ ಮಾನ್ವಿಯ ಗೆಳೆಯನೂ ಸೇರಿ ಜಿನ್ನಿಂಗ್ ಮಿಲ್ಲು ಆರಿಸಿಕೊಂಡೆವು. ವಿಷಯ: ಪ್ಲಾನಿಂಗ್ ಸಾಫ್ಟ್‌ವೇರ್ ಬಳಸಿ ಉತ್ಪಾದಕತೆ ಹೆಚ್ಚಿಸುವುದು.

ಮಿಲ್ಲು ನೋಡದವರಿಗೆ ಎರಡು ಮಾತು. ಎಪಿಎಂಸಿಯಲ್ಲಿ ಟೆಂಡರ್ ಆಗಿ ರೇಟು ಕುದುರಿದ ಮೇಲೆ ಗಾಡಿ ಮಿಲ್ಲಿಗೆ ಬರುತ್ತೆ. ತೂಕ ಆಗುತ್ತೆ, ತೇವ ನೋಡ್ತಾರೆ, ಹಮಾಲರು ಅಂಗಳದಲ್ಲಿ ಇಳಿಸ್ತಾರೆ. ತಳಿ, ಗುಣ ನೋಡಿ ಬೇರೆ ಬೇರೆ ಕುಪ್ಪೆ. ಅಲ್ಲಿಂದ ಜಿನ್ ಮಷೀನಿಗೆ. ಚರ್ಮದ ರೋಲರು ಅರಳೆಯನ್ನು ಎಳೆಯುತ್ತೆ, ಚಾಕು ಬೀಜವನ್ನು ತಡೆದು ಬೇರೆ ಮಾಡುತ್ತೆ. ಸುಮಾರು ಮೂರರಲ್ಲಿ ಒಂದು ಪಾಲು ಅರಳೆ, ಉಳಿದದ್ದು ಹೆಚ್ಚೂಕಡಿಮೆ ಹತ್ತಿಕಾಳು. ಕಾಳು ಎಣ್ಣೆ ಗಾಣಕ್ಕೆ, ಅರಳೆ ಪ್ರೆಸ್ಸಿಗೆ. ಪ್ರೆಸ್ಸಿನಿಂದ 170 ಕೆಜಿಯ ಬೇಲು ಹೊರಬಿದ್ದರೆ ಒಂದು ಸುತ್ತು ಮುಗೀತು.

ಕೇಂದ್ರ ಸರ್ಕಾರ 2000ದಲ್ಲಿ ಹತ್ತಿ ತಂತ್ರಜ್ಞಾನ ಮಿಷನ್ ಅಂತ ಶುರು ಮಾಡಿತು. ಹಳೆಯ ಜಿನ್ನಿಂಗ್ ಮಿಲ್ಲುಗಳನ್ನು ಹೊಸದು ಮಾಡೋದು ಅದರ ಒಂದು ಭಾಗ. ಹಾಗಾಗಿ ಈಗ ಎಷ್ಟೋ ಮಿಲ್ಲುಗಳಲ್ಲಿ ಕನ್ವೇಯರ್ ಇದೆ, ಆಟೊಮ್ಯಾಟಿಕ್ ಪ್ರೆಸ್ ಇದೆ. ನಾವು ಹೋದ ಮಿಲ್ಲಿನಲ್ಲೂ ಅವೆಲ್ಲ ಇದ್ದವು. ಆಫೀಸಿನ ಕಂಪ್ಯೂಟರಿನಲ್ಲಿ ಟ್ಯಾಲಿ ಇತ್ತು. ಆದರೆ ಟ್ಯಾಲಿ ಹೇಳೋದು ನಿನ್ನೆ ಏನಾಯ್ತು ಅಂತ. ನಾಳೆ ಯಾವ ಕುಪ್ಪೆ ಮೊದಲು, ಯಾವ ಮಷೀನು ನಿಲ್ಲಿಸಬೇಕು, ಯಾವ ಗಾಡಿ ಒಳಗೆ ಅನ್ನೋದು ಗುಮಾಸ್ತರ ಕೆಂಪು ರಟ್ಟಿನ ಬುಕ್ಕು ಮತ್ತು ಅವರ ತಲೆ, ಈ ಎರಡರಲ್ಲೇ ಇತ್ತು.

ನಾವು ಓದಿದ ಎಂಆರ್‌ಪಿ ಇಲ್ಲಿಗೆ ನೇರವಾಗಿ ಕೂರಲ್ಲ. ಜೋಸೆಫ್ ಓರ್ಲಿಕಿ ಅಮೆರಿಕದಲ್ಲಿ ಬೆಳೆಸಿದ ಆ ಪದ್ಧತಿ ಹುಟ್ಟಿದ್ದು ಯಂತ್ರ ಜೋಡಿಸುವ ಕಾರ್ಖಾನೆಗಳಿಗೆ. ನೂರಾರು ಬಿಡಿಭಾಗ ಸೇರಿ ಒಂದು ಟ್ರ್ಯಾಕ್ಟರು ಆಗುತ್ತೆ. ನಮ್ಮ ಮಿಲ್ಲಿನಲ್ಲಿ ಮರ ತಲೆಕೆಳಗು: ಒಂದೇ ಹತ್ತಿ ಒಡೆದು ಅರಳೆ, ಕಾಳು, ಕಸ ಆಗುತ್ತೆ. ಅರಳೆ ಎಷ್ಟು ಅನ್ನೋದು ತಳಿಗೆ ತಕ್ಕಂತೆ, ಹೊಲಕ್ಕೆ ತಕ್ಕಂತೆ ಬದಲಾಗುತ್ತೆ. ಅದಕ್ಕೆ ನಾವು ದೊಡ್ಡ ಪ್ಯಾಕೇಜಿನ ತಂಟೆಗೆ ಹೋಗದೆ, ದುಡ್ಡು ಕೊಡಬೇಕಿಲ್ಲದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೇ ಒಂದು ಶೆಡ್ಯೂಲಿಂಗ್ ಶೀಟ್ ಕಟ್ಟಿದೆವು.

ದಾರಿ ತೋರಿಸಿದ್ದು ಎಲಿಯಾಹು ಗೋಲ್ಡ್‌ರಾಟ್. ಇಸ್ರೇಲಿನ ಈ ಭೌತಶಾಸ್ತ್ರಜ್ಞ ಮೊದಲು ಕಾರ್ಖಾನೆಗಳಿಗೆ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಮಾಡಿದವರು. ಆಮೇಲೆ 1984ರಲ್ಲಿ 'ದಿ ಗೋಲ್' ಅನ್ನೋ ಕಾದಂಬರಿಯಲ್ಲಿ ತಮ್ಮ ವಿಚಾರ ಹೇಳಿದರು. ಸಾರ ಇಷ್ಟು: ಇಡೀ ಕಾರ್ಖಾನೆಯ ವೇಗ ಅದರ ಅತಿ ಇಕ್ಕಟ್ಟಿನ ಜಾಗದ ವೇಗ. ಅದನ್ನು ಬಿಟ್ಟು ಬೇರೆ ಮಷೀನುಗಳನ್ನು ಓಡಿಸಿದರೆ ಕುಪ್ಪೆ ಬೆಳೆಯುತ್ತೆ, ಮಾಲು ಬೆಳೆಯಲ್ಲ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: 24 ಜಿನ್, ಒಂದೊಂದಕ್ಕೆ ಗಂಟೆಗೆ 50 ಕೆಜಿ ಅರಳೆ. ಒಟ್ಟು 1,200 ಕೆಜಿ, ಅಂದರೆ ಗಂಟೆಗೆ ಸುಮಾರು 7 ಬೇಲು. ಪ್ರೆಸ್ಸು ಗಂಟೆಗೆ 10 ಬೇಲು ಒತ್ತಬಲ್ಲದು ಅನ್ನಿ. ಹಾಗಿದ್ದರೆ ಇಕ್ಕಟ್ಟು ಇರೋದು ಜಿನ್ನಿನಲ್ಲಿ. ಜಿನ್ನು ಒಂದು ಗಂಟೆ ನಿಂತರೆ 7 ಬೇಲು ಹೋದಂಗೆ. ಪ್ರೆಸ್ಸು ಸ್ವಲ್ಪ ಹೊತ್ತು ನಿಂತರೆ ಆಮೇಲೆ ಸರಿದೂಗಿಸಬಹುದು.

ಈ 50 ಅನ್ನೋ ಅಂಕಿಯನ್ನು ಮಿಲ್ಲಿನ ಫಿಟ್ಟರ್ ಚಾಚಾ ಅವರ ಮುಂದಿಟ್ಟೆವು. ಅವರು ನಕ್ಕರು.

"ಯಾವ ಮಷೀನು ತಮ್ಮಾ? ಯಾವತ್ತಿನ ಲೆಕ್ಕ ಇದು? ರೋಲರ್ ಹೊಸಾದು ಇದ್ದಾಗ ಜಗ್ಗಿ ಎಳೀತೈತಿ. ಸವದ ಮ್ಯಾಲೆ ಉಂಡು ಮಲಗಿದಂಗ ಮಾಡ್ತೈತಿ."

ಚರ್ಮದ ರೋಲರಿನ ಮೈಮೇಲೆ ಗೆರೆಗಳಿರುತ್ತವೆ. ಓಡಿದಂತೆ ಅವು ನುಣುಪಾಗ್ತವೆ, ಹಿಡಿತ ತಪ್ಪುತ್ತೆ, ಮತ್ತೆ ಕೊರೆಯಬೇಕು. ಕೊರೆದು ಕೊರೆದು ರೋಲರಿನ ಸುತ್ತಳತೆಯೂ ಇಳಿಯುತ್ತೆ. ಅಂದರೆ ಪ್ರತಿ ಮಷೀನಿಗೂ ಪ್ರತಿ ದಿನವೂ ಬೇರೆ ಅಂಕಿ. ಚಾಚಾ ಹತ್ತಿರ ಇದರ ಪಟ್ಟಿ ಇರಲಿಲ್ಲ, ಅವರ ಕಿವಿಯಲ್ಲಿತ್ತು. ಮಷೀನಿನ ಸದ್ದು ಕೇಳಿ ಯಾವುದು ಇಳಿದಿದೆ ಅಂತ ಹೇಳುತ್ತಿದ್ದರು. ಒಂದು ವಾರ ಅವರ ಹಿಂದೆ ಓಡಾಡಿ ಶೀಟಿನಲ್ಲಿ ಮಷೀನಿಗೊಂದು ಸಾಲು ಮಾಡಿದೆವು: ಗೆರೆ ಕೊರೆದ ದಿನ, ಆಮೇಲೆ ಓಡಿದ ಗಂಟೆ, ಈಗಿನ ಅಂದಾಜು ವೇಗ. ಆರೇಳು ಮಷೀನು ಒಂದೇ ದಿನ ರಿಪೇರಿಗೆ ಬರದಂತೆ ಸರದಿ ಹಾಕೋದಕ್ಕೆ ಈ ಒಂದು ಸಾಲು ಸಾಕಾಯ್ತು. ಚಾಚಾಗೆ ಅದು ಹಿಡಿಸಿತು, ಯಾಕಂದ್ರೆ ರಾತ್ರೋರಾತ್ರಿ ಕರೆ ಬರೋದು ಕಡಿಮೆಯಾಯ್ತು.

ಎರಡನೆಯದು ಕುಪ್ಪೆಗಳ ಸರದಿ. ಒಂದು ತಳಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕನ್ವೇಯರು, ಮಷೀನು ಎಲ್ಲಾ ಖಾಲಿ ಮಾಡಿ ಗುಡಿಸಬೇಕು, ಇಲ್ಲದಿದ್ದರೆ ಬೆರಕೆಯಾಗಿ ಬೇಲಿನ ಬೆಲೆ ಬೀಳುತ್ತೆ. ಒಂದು ಸಲಕ್ಕೆ ಅರ್ಧ ಗಂಟೆ ಅಂತ ಹಿಡಿದರೂ ದಿನಕ್ಕೆ ಆರು ಸಲ ಬದಲಿಸಿದರೆ ಮೂರು ಗಂಟೆ, ಮೇಲಿನ ಲೆಕ್ಕದಲ್ಲಿ 21 ಬೇಲು. ಒಂದೇ ತಳಿಯ ಕುಪ್ಪೆಗಳನ್ನು ಸೇರಿಸಿ ಓಡಿಸಿದರೆ ಇದು ಉಳಿಯುತ್ತೆ. ಆದರೆ ಹಾಗೆ ಸೇರಿಸುತ್ತ ಹೋದರೆ ಉಳಿದ ಕುಪ್ಪೆಗಳು ಅಂಗಳದಲ್ಲೇ ಕೂರುತ್ತವೆ. ಅಂಗಳ ತುಂಬಿದರೆ ಗಾಡಿ ಒಳಗೆ ಬರಲ್ಲ. ಆಗ ಲೈನು ಗೇಟಿನಾಚೆ ರಸ್ತೆಗೆ ಹೋಗುತ್ತೆ.

ಆ ಲೈನಿನಲ್ಲಿ ನಮ್ಮಪ್ಪ ಎಷ್ಟೋ ರಾತ್ರಿ ಕಳೆದಿದ್ದಾನೆ. ಯಾವ ಮಿಲ್ಲು ಅಂತ ಹೇಳಿ ಪ್ರಯೋಜನವಿಲ್ಲ, ಸುಗ್ಗಿಯಲ್ಲಿ ಗೇಟಿನ ಮುಂದೆ ಕಾಯೋದು ಹೊಸ ಸುದ್ದಿಯೇನಲ್ಲ. ಗಾಡಿ ಬಾಡಿಗೆ ಏರುತ್ತೆ. ಬುತ್ತಿ ಮುಗಿಯುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ತಾಡಪಾಲು ಸರಿಯಾಗಿ ಮುಚ್ಚದಿದ್ದರೆ ರಾತ್ರಿಯ ಇಬ್ಬನಿಗೆ ಮೇಲಿನ ಹತ್ತಿ ತೇವ ಹಿಡಿಯುತ್ತೆ. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವಾಂಶ 8 ಪರ್ಸೆಂಟ್ ದಾಟಿದರೆ ಅದಕ್ಕೆ ತಕ್ಕಂತೆ ರೇಟು ಇಳಿಯುತ್ತೆ, 12 ದಾಟಿದರೆ ತಗೊಳ್ಳೋದೇ ಇಲ್ಲ. ಖಾಸಗಿ ಖರೀದಿಯಲ್ಲೂ ತೇವಕ್ಕೆ ಕಡಿತ ಇದ್ದೇ ಇರುತ್ತೆ. ಹಾಗಾಗಿ ಕಾದವನೇ ಕಾದದ್ದಕ್ಕೆ ದುಡ್ಡೂ ಕಟ್ಟಿದಂಗಾಗುತ್ತೆ.

ಇಲ್ಲಿ ನೆನಪಾದದ್ದು ಲಿಟಲ್ಸ್ ಲಾ. ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು: ಸರಾಸರಿಯಲ್ಲಿ ಲೈನಿನ ಉದ್ದ ಅಂದರೆ ಗಂಟೆಗೆ ಎಷ್ಟು ಗಾಡಿ ಅನ್ನೋದನ್ನು ಕಾಯುವ ಸಮಯದಿಂದ ಗುಣಿಸಿದ್ದು. ಗಂಟೆಗೆ 4 ಗಾಡಿ ಇಳಿಯುತ್ತೆ, ಲೈನಿನಲ್ಲಿ ಯಾವಾಗಲೂ 24 ಇರುತ್ತವೆ ಅಂದರೆ ಒಬ್ಬೊಬ್ಬರು 6 ಗಂಟೆ ಕಾಯ್ತಾರೆ. ಬರುವ ಹೊತ್ತನ್ನು ಹಂಚಿ ಲೈನನ್ನು 8ಕ್ಕೆ ಇಳಿಸಿದರೆ 2 ಗಂಟೆ. ಮಷೀನು ಹೆಚ್ಚಾಗಲಿಲ್ಲ, ಹಮಾಲರು ಹೆಚ್ಚಾಗಲಿಲ್ಲ, ಇಳಿಸುವ ವೇಗವೂ ಅದೇ. ಶೀಟಿಗೆ ನಾಳೆ ಎಷ್ಟು ಅಂಗಳ ಖಾಲಿಯಾಗುತ್ತೆ ಅಂತ ಗೊತ್ತಿರೋದರಿಂದ, ಟೆಂಡರ್ ಮುಗಿದ ಕೂಡಲೇ ಗಾಡಿಗೆ ಇಷ್ಟು ಗಂಟೆಗೆ ಬಾ ಅಂತ ಫೋನಿನಲ್ಲೇ ಟೋಕನ್ ಕೊಡಬಹುದು.

ಮಾಲೀಕರಿಗೆ ಇದನ್ನೆಲ್ಲ ತೋರಿಸಿದೆವು. ರೋಲರ್ ಸರದಿ, ಕುಪ್ಪೆ ಸರದಿ ಎರಡೂ ಅವರಿಗೆ ಸರಿ ಅನ್ನಿಸಿತು. ಟೋಕನ್ ಹತ್ತಿರ ಬಂದು ನಿಂತರು.

"ಇದರಿಂದ ಬೇಲ್ ಎಷ್ಟು ಜಾಸ್ತಿ ಆಗ್ತಾವಪ್ಪಾ?"

"ಇದರಿಂದ ಬೇಲ್ ಜಾಸ್ತಿ ಆಗಂಗಿಲ್ರಿ. ರೈತರು ಕಾಯೋದು ಕಡಿಮಿ ಆಗತೈತಿ."

"ಮತ್ತ ನಮಗೇನು ಬಂತು?"

ಉತ್ತರ ಕೊಟ್ಟದ್ದು ಗುಮಾಸ್ತರು. "ಸಾವ್ಕಾರ್ರ, ಲೈನ್ ನೋಡಿ ಬ್ಯಾರೆ ಮಿಲ್ಲಿಗೆ ಹೋಗೋ ಗಾಡಿ ನಿಮಗ ಕಾಣಂಗಿಲ್ರಿ. ನನಗ ಕಾಣ್ತಾವು." ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಡೋಣ ಅಂದರು.

ಸಂಕ್ರಾಂತಿ ಆದಮೇಲೆ ಒಂದು ತಿಂಗಳು ಟೋಕನ್ ನಡೆಯಿತು. ಆವಕ ಇಳಿದ ಕಾಲ ಅದು, ಅದನ್ನೇ ಗೆಲುವು ಅಂತ ರಿಪೋರ್ಟಿನಲ್ಲಿ ಬರೆಯೋದು ಸರಿಯಲ್ಲ ಅಂತ ಬರೆಯಲಿಲ್ಲ. ನಿಜವಾದ ಪರೀಕ್ಷೆ ಬರುವ ನವೆಂಬರಿನಲ್ಲಿ. ಊರಲ್ಲಿ ಅಪ್ಪನಿಗೆ ವಿವರಿಸಿದಾಗ ಅವನು ಕೇಳಿದ್ದು ಒಂದೇ ಮಾತು: "ಟೈಮ್ ಕೊಡ್ತಾರ ಸರಿ, ತ್ಯಾವ ಯಾವಾಗ ನೋಡ್ತಾರ? ಬಂದಾಗೋ, ಇಳಿಸುವಾಗೋ?"

ಶೀಟಿನಲ್ಲಿ ಅಷ್ಟು ಹೊತ್ತಿಗೆ ಮಷೀನು, ಕುಪ್ಪೆ, ಶಿಫ್ಟು, ಬೇಲು ಎಲ್ಲದಕ್ಕೂ ಕಾಲಂ ಇತ್ತು. ಗೇಟಿನಾಚೆ ಇರುವವನಿಗೆ ಇರಲಿಲ್ಲ. ಸಾಫ್ಟ್‌ವೇರು ಎಷ್ಟೇ ಜಾಣ ಇರಲಿ, ಕಾಲಂ ಇಲ್ಲದ್ದನ್ನು ಕಡಿಮೆ ಮಾಡಲಾರದು. ಅದರ ಪಾಲಿಗೆ ಆ ಗಂಟೆಗಳು ಹುಟ್ಟೇ ಇಲ್ಲ. ನಾವು ಎರಡು ಕಾಲಂ ಸೇರಿಸಿದೆವು: ಗಾಡಿ ಗೇಟಿಗೆ ಬಂದ ಹೊತ್ತು, ಆ ಹೊತ್ತಿನ ತೇವ. ಅವೆರಡೂ ಈಗ ಗೇಟಿನ ಚೀಟಿಯ ಮೇಲೆ ಪ್ರಿಂಟ್ ಆಗುತ್ತವೆ. ರೇಟು ಕಟ್ಟುವಾಗ ಆ ಚೀಟಿಯ ತೇವವನ್ನೇ ಹಿಡಿಯಬೇಕು ಅಂತ ಮಾಲೀಕರು ಇನ್ನೂ ಒಪ್ಪಿಲ್ಲ. ದಸರಾ ರಜೆಯಲ್ಲಿ ನಾವಿಬ್ಬರೂ ಮತ್ತೆ ರಾಯಚೂರಿಗೆ ಹೋಗ್ತಿರೋದು ಆ ಒಂದು ಮಾತಿಗಾಗಿ.