ಸೀಸದ ಸಿಪಾಯಿಗಳೂ ಕೆಂಚನೆಂಬ ಬೆಕ್ಕೂ

ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಆ ಸಿಪಾಯಿಯನ್ನು ಮೊದಲ ಸಲ ಅಂಗೈಯಲ್ಲಿರಿಸಿಕೊಂಡಾಗ ಅವನ ಭಾರಕ್ಕೆ ನನಗೆ ಬೆರಗಾಯಿತು. ಅದು 1984ನೆಯ ಇಸವಿಯ ಚಳಿಗಾಲ; ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ದೊರೆತು, ಮೈಸೂರಿನಿಂದ ಸಂಸಾರಸಮೇತನಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರಕ್ಕೆ ಬಂದು, ಲೆಂಟನ್ ಎಂಬ ಬಡಾವಣೆಯ ಇಟ್ಟಿಗೆಯ ಸಾಲುಮನೆಯೊಂದರಲ್ಲಿ ನಾನು ನೆಲಸಿದ್ದ ಮೊದಲ ವರ್ಷ. ರ‍್ಯಾಲೆ ಸೈಕಲ್ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ವಿಶ್ರಾಂತರಾಗಿದ್ದ ಪಕ್ಕದ ಮನೆಯ ವೃದ್ಧರು, ಆ ಸೀಮೆಯ ವಾಡಿಕೆಯಂತೆ ನನ್ನನ್ನು ವಾತ್ಸಲ್ಯದಿಂದ 'ಡಕ್' ಎಂದು ಸಂಬೋಧಿಸಿ, ತಮ್ಮ ಹಿಂದಣ ಕೋಣೆಗೆ ಕರೆದೊಯ್ದು, ವಾಟರ್‌ಲೂ ಕದನದ ಒಂದು ದಳವನ್ನೇ ಮೇಜಿನ ಮೇಲೆ ಹರಡಿ ತೋರಿಸಿದರು. ಹಂಬ್ರೋಲ್ ಎನಾಮೆಲ್ ಬಣ್ಣದ ಪುಟ್ಟ ತಗಡಿನ ಡಬ್ಬಿಗಳು, ಸ್ಪಿರಿಟ್ಟಿನ ಘಾಟು, ಒಂದು ಚಿಮಟ, ಎರಡು ಅರಗಳು. "ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಅದು ಸೀಸ" ಎಂದ ಅವರು, ಬಾಗಿಲಿನ ಹೊರಗೆ ಕುಳಿತು ಕೂಗುತ್ತಿದ್ದ ಕರಿಯ ಬೆಕ್ಕಿನ ಕಡೆಗೆ ನೋಡಿ, "ಅವಳಿಗೆ ಇಲ್ಲಿ ಪ್ರವೇಶವಿಲ್ಲ" ಎಂದರು.

ಆ ಮಾತಿನ ಅರ್ಥ ನನಗೆ ಪೂರ್ಣವಾಗಿ ತಿಳಿದುದು ನಾನೂ ಅದೇ ಕಸುಬಿಗೆ ಕೈಹಚ್ಚಿದ ಮೇಲೆ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳತಕ್ಕ ಪ್ರಾಣಿ. ಆದುದರಿಂದ ಮೇಜಿನ ಮೇಲೆ ಬಿದ್ದ ಧೂಳು ಅದರ ರೋಮಕ್ಕೂ, ರೋಮದಿಂದ ನಾಲಗೆಗೂ, ನಾಲಗೆಯಿಂದ ಹೊಟ್ಟೆಗೂ ಇಳಿಯದೆ ಇರದು. ಈ ನಾಲ್ವತ್ತು ವರ್ಷಗಳಲ್ಲಿ ಈ ಕಸುಬು ಹೇಗೆ ಬದಲಾಯಿತೆಂದು ಯಾರಾದರೂ ಕೇಳಿದರೆ, ಯಾವ ಕಾಲದಲ್ಲಿ ಬೆಕ್ಕು ಎಲ್ಲಿ ಕುಳಿತುಕೊಳ್ಳಬಹುದಾಗಿದ್ದಿತು ಎಂಬುದರಿಂದಲೇ ನಾನು ಲೆಕ್ಕ ಹಿಡಿಯುತ್ತೇನೆ.

ಅಂದಿನ ನಾಟಿಂಗ್‌ಹ್ಯಾಮ್ ಸೈಕಲ್ಲಿಗೂ, ಪ್ಲೇಯರ್ಸ್ ಸಿಗರೇಟಿಗೂ, ಅದಕ್ಕೂ ಹಿಂದೆ ಲೇಸಿನ ನೆಯ್ಗೆಗೂ ಹೆಸರಾಗಿದ್ದ ಊರು. ಈ ಕಿರುಸೈನಿಕರ ಉದ್ಯಮವನ್ನು ಆಗ ಯಾರೂ ಉದ್ಯಮವೆಂದು ಎಣಿಸುತ್ತಿರಲಿಲ್ಲ. ಅದೇ ಜಿಲ್ಲೆಯ ನ್ಯೂಆರ್ಕ್ ಎಂಬ ಪಟ್ಟಣದಲ್ಲಿ ಬ್ರಯನ್ ಆನ್ಸೆಲ್ ಎಂಬವರ ಮುಂದಾಳುತನದಲ್ಲಿ 1970ರ ದಶಕದ ಕೊನೆಯಲ್ಲಿ ಪ್ರಾರಂಭವಾಗಿದ್ದ ಸಿಟಡೆಲ್ ಮಿನಿಯೇಚರ್ಸ್ ಸಂಸ್ಥೆಯು, ಅಷ್ಟರಲ್ಲಿ ಕಾದಂಬರಿಕಾರ ಡಿ. ಎಚ್. ಲಾರೆನ್ಸನ ಜನ್ಮಸ್ಥಳವಾದ ಈಸ್ಟ್‌ವುಡ್ಡಿಗೆ ಬಂದಿದ್ದಿತು. ಕೆಲಸದ ವಿಧಾನ ಸರಳ: ವಲ್ಕನೀಕರಿಸಿದ ರಬ್ಬರಿನ ದುಂಡನೆಯ ಅಚ್ಚನ್ನು ಬುಗುರಿಯಂತೆ ತಿರುಗಿಸುತ್ತ ನಟ್ಟನಡುವೆ ಕರಗಿದ ಲೋಹವನ್ನು ಹೊಯ್ದರೆ, ಅದು ಸುತ್ತುವಿಕೆಯ ವೇಗಕ್ಕೆ ಅಂಚಿನವರೆಗೂ ಹರಿದು, ಕ್ಷಣಮಾತ್ರದಲ್ಲಿ ಕತ್ತಿಯ ಮೊನೆ, ಮೂಗಿನ ತುದಿಗಳನ್ನೆಲ್ಲ ತುಂಬುವುದು. ಬಂಡವಾಳ ಹೆಚ್ಚು ಬೇಡದ ವಿದ್ಯೆಯಾದುದರಿಂದ, ಒಂದು ಕಡೆ ಕಲಿತವರು ಇನ್ನೊಂದು ಕಡೆ ಹೋಗಿ ತಮ್ಮದೇ ಒಲೆ ಹೂಡಿದರು. ಅವಳಿ ಸೋದರರಾದ ಪೆರಿಗಳು, ವಾರ್‌ಲಾರ್ಡ್, ಮ್ಯಾಂಟಿಕ್, ಹೀಗೆ ಒಂದರ ಪಕ್ಕದಲ್ಲಿ ಒಂದು ಸಂಸ್ಥೆ ತಲೆಯೆತ್ತಿ, ಈ ಸೀಮೆಗೆ 'ಲೆಡ್ ಬೆಲ್ಟ್', ಅಂದರೆ ಸೀಸದ ಪಟ್ಟಿ, ಎಂಬ ಹೆಸರೇ ಬಿದ್ದಿತು.

ನನ್ನನ್ನು ಈ ಲೋಕಕ್ಕೆ ಎಳೆದವನು ನನ್ನ ಮಗ. 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಆಟದ ಮೊದಲ ಗ್ರಂಥವನ್ನು ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯು ಪ್ರಕಟಿಸಿತು; ಅದರ ಬೆನ್ನಿಗೇ ಮೂವತ್ತು ಪ್ಲಾಸ್ಟಿಕ್ ಯೋಧರ ಒಂದು ಪೆಟ್ಟಿಗೆ, ಬೆಲೆ ಹತ್ತು ಪೌಂಡಿನ ಆಸುಪಾಸು, ಅಂಗಡಿಗೆ ಬಂದಿತು. ತೋಳು ಬೇರೆ, ತಲೆ ಬೇರೆ, ಭುಜದ ಕವಚ ಬೇರೆ. ಯಾವುದನ್ನು ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ಇದರಿಂದ ನನ್ನ ಮಗನಂಥ ಹುಡುಗರ ಬುದ್ಧಿಗೆ ಹತ್ತಿದ ಕಿಚ್ಚನ್ನು ನಾನು ಕಣ್ಣಾರೆ ಕಂಡವನು. ಒಂದು ಕಿಟ್ಟಿನ ಕಾಲಿಗೆ ಇನ್ನೊಂದರ ಮುಂಡವನ್ನೂ, ಏರ್‌ಫಿಕ್ಸ್ ಟ್ಯಾಂಕಿನ ಗಾಲಿಗೆ ಕೆಟ್ಟುಹೋದ ಗಡಿಯಾರದ ಹಲ್ಲುಚಕ್ರವನ್ನೂ ಕೂಡಿಸಿ, ಹಿಂದೆಂದೂ ಇಲ್ಲದಿದ್ದ ಮೂರನೆಯದೊಂದನ್ನು ಹುಟ್ಟಿಸುವ ಈ ಕಲೆಗೆ ಅವರ ಭಾಷೆಯಲ್ಲಿ ಕಿಟ್‌ಬ್ಯಾಷಿಂಗ್ ಎಂದು ಹೆಸರು. ಡಿಯೊಡರಂಟಿನ ಖಾಲಿ ಡಬ್ಬಿಯಿಂದ ತೇಲುವ ಯುದ್ಧವಾಹನವೊಂದನ್ನು ಕಟ್ಟುವ ಬಗೆಯನ್ನು ಆ ಸಂಸ್ಥೆಯವರೇ ಆಗ ಅಚ್ಚುಹಾಕಿ ತೋರಿಸಿದ್ದರೆಂದರೆ, ಅಂದಿನ ಕಾಲದ ಉದಾರತೆ ಎಂಥದೆಂಬುದನ್ನು ಊಹಿಸಿಕೊಳ್ಳಬಹುದು. ನಮ್ಮ ತಾಯಿಯವರು ದಸರೆಯ ಹಿಂದಣ ದಿನಗಳಲ್ಲಿ ಪಟ್ಟದ ಗೊಂಬೆಯ ಮುರಿದ ಕೈಗೆ ಅರಗು ಹಚ್ಚಿ, ಹಳೆಯ ರೇಷ್ಮೆಯ ತುಂಡಿನಿಂದ ಆ ಗಾಯವನ್ನು ಮುಚ್ಚುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದ ನನಗೆ, ಈ ಕೆಲಸ ಪರದೇಶದ್ದೆಂದು ಒಮ್ಮೆಯೂ ತೋರಲಿಲ್ಲ.

ಕೆಂಚನು ನಮ್ಮ ಮನೆಗೆ ಬಂದುದೂ ಆ ವರ್ಷವೇ. ಕಿತ್ತಳೆಯ ಬಣ್ಣದ, ಅಗಲ ಮುಖದ ಗಂಡುಬೆಕ್ಕು. ಪ್ಲಾಸ್ಟಿಕ್ಕಿನಲ್ಲಿ ಸೀಸವಿಲ್ಲ, ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣಗಳು ಬಂದುದರಿಂದ ಸ್ಪಿರಿಟ್ಟಿನ ಬಟ್ಟಲೂ ಮೇಜಿನಿಂದ ಹೋಗಿತ್ತು. ಹೀಗಾಗಿ ಪಕ್ಕದ ಮನೆಯ ಕರಿಯ ಬೆಕ್ಕಿಗೆ ಇಲ್ಲದ ಭಾಗ್ಯ ಅವನಿಗೆ ದೊರೆಯಿತು. ದೀಪದ ಕೆಳಗಣ ಬೆಚ್ಚನೆಯ ವೃತ್ತದಲ್ಲಿ, ನನ್ನ ಎಡಮೊಣಕೈಗೆ ಬೆನ್ನು ತಾಗಿಸಿ, ಅವನು ಗಂಟೆಗಟ್ಟಲೆ ಮಲಗಿರುತ್ತಿದ್ದನು. ಅವನ ಉಸಿರಿನ ಏರಿಳಿತಕ್ಕೆ ನನ್ನ ಕೈಯೂ ಹೊಂದಿಕೊಂಡು, ಕಣ್ಣಿನ ಬಿಳುಪಿನಲ್ಲಿ ಕಪ್ಪು ಚುಕ್ಕೆಯನ್ನಿಡತಕ್ಕ ಕ್ಷಣವನ್ನು ನಾನು ಅವನ ನಿಶ್ವಾಸದ ಕೊನೆಗೆ ಕಾಯ್ದಿರಿಸಿಕೊಳ್ಳುತ್ತಿದ್ದೆನು. ಕುಂಚ ತೊಳೆಯುವ ನೀರನ್ನು ಅವನು ತನ್ನದೆಂದೇ ಭಾವಿಸಿದ್ದುದರಿಂದ, ಮುಚ್ಚಳವಿರುವ ಜಾಡಿಯೊಂದನ್ನು ಅದಕ್ಕಾಗಿಯೇ ಇಡಬೇಕಾಯಿತು. ಕೊಲಿನ್ಸ್ಕಿ ರೋಮದ ಬೆಲೆಬಾಳುವ ಕುಂಚಗಳೆಂದರೆ ಅವನಿಗೆ ಬೇಟೆ; ಎರಡನ್ನು ಅಗಿದು ಹಾಳುಮಾಡಿದ ಮೇಲೆ ಅವನ್ನು ಬೀಗದ ಪೆಟ್ಟಿಗೆಯಲ್ಲಿಡುವ ಅಭ್ಯಾಸವಾಯಿತು. ಪ್ರೈಮರ್ ಸಿಂಪಡಿಸುವುದು ಮಾತ್ರ ಯಾವಾಗಲೂ ಹಿತ್ತಿಲಿನಲ್ಲಿ, ಅವನನ್ನು ಒಳಗೆ ಕೂಡಿ.

ಅವನಿಂದ ನಾನು ಕಲಿತುದೂ ಉಂಟು. ಒಂದು ಸಂಜೆ, ದಳಪತಿಯೊಬ್ಬನ ಕತ್ತಿ ಹಿಡಿದ ಬಲಗೈಯನ್ನು ಅವನು ಪಂಜದಿಂದ ಮೇಜಿನಾಚೆಗೆ ಹೊಡೆದನು. ಸೋಫಾ ಸರಿಸಿ, ಜಮಖಾನೆ ಮಗುಚಿ ಹುಡುಕಿದರೂ ಅದು ಸಿಕ್ಕಲಿಲ್ಲ. ಮಗನು ಅಳುವುದರಲ್ಲಿದ್ದನು. ಚೂರುಪಾರುಗಳ ಡಬ್ಬಿಯನ್ನು ಸುರಿದು ಕುಳಿತೆವು. ಕೊನೆಗೆ ಒಂದು ಅಸ್ಥಿಪಂಜರದ ತೋಳಿಗೆ ಹಿತ್ತಾಳೆಯ ತಂತಿಯನ್ನು ಸೇರಿಸಿ, ಹಳದಿ ನೀಲಿ ಎರಡನ್ನೂ ನಾದಿದರೆ ಹಸುರಾಗುವ 'ಗ್ರೀನ್ ಸ್ಟಫ್' ಎಂಬ ಮೆದ್ದೆಯಿಂದ ಕೀಲನ್ನು ತಿದ್ದಿ, ಕೈ ಕಳೆದುಕೊಂಡು ಲೋಹದ ಕೈ ಧರಿಸಿದ ವೃದ್ಧವೀರನನ್ನಾಗಿ ಅವನನ್ನು ಮಾಡಿದೆವು. ನಾವು ಮಾಡಿದ ನೂರಾರು ಗೊಂಬೆಗಳಲ್ಲಿ ಅವನಿಗೊಬ್ಬನಿಗೇ ಒಂದು ಚರಿತ್ರೆ ತಾನಾಗಿ ಒದಗಿ ಬಂದಿತು. ಜಾನ್ ಬ್ಲಾಂಚ್ ಎಂಬ ಚಿತ್ರಕಾರರು ತುಕ್ಕಿನ, ಹಳೆಯ ರಕ್ತದ ಬಣ್ಣಗಳಲ್ಲಿ ವಿಚಿತ್ರ ಜೋಡಣೆಯ ಗೊಂಬೆಗಳನ್ನು 'ವೈಟ್ ಡ್ವಾರ್ಫ್' ಮಾಸಪತ್ರಿಕೆಯಲ್ಲಿ ತೋರಿಸಿದಾಗ, ಅವುಗಳಲ್ಲಿಯೂ ನನಗೆ ಇದೇ ಬಗೆಯ ಜೀವಕಳೆ ಕಂಡಿತು.

1990ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸೀಸದ ಆಟಿಕೆಗಳನ್ನು ಕುರಿತು ಕಾನೂನಿನ ಮಾತು ಎದ್ದಿತು. ಲೋಹದ ಗೊಂಬೆಗಳು ಕ್ರಮೇಣ ಸೀಸವನ್ನು ಬಿಟ್ಟು ತವರದ ಮಿಶ್ರಣಕ್ಕೆ ತಿರುಗಿದವು, ಬೆಲೆಯೂ ಏರಿತು. ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಅವರ ವಾಟರ್‌ಲೂ ದಳ ನನಗೆ ಬಂದಿತು. ಓಕ್ ಮರದ ಬೀರುವಿನಲ್ಲಿ ಮುಚ್ಚಿಟ್ಟಿದ್ದುದರಿಂದ, ಆ ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸವು ಬೆಳ್ಳಗೆ ಹುಡಿಯಾಗಿ, ಅರ್ಧ ಸೈನ್ಯ ಮುಟ್ಟಿದರೆ ಉದುರುವಂತಿದ್ದಿತು. ಪ್ರಯೋಗಶಾಲೆಯ ಮನುಷ್ಯನಾದ ನಾನು ಅದನ್ನು ಮೊದಲೇ ಹೇಳಿ ಎಚ್ಚರಿಸಬೇಕಾಗಿತ್ತೆಂಬ ನೋವು ಈಗಲೂ ಇದೆ.

1997ರಲ್ಲಿ ಗೇಮ್ಸ್ ವರ್ಕ್‌ಷಾಪ್ ತನ್ನ ಮುಖ್ಯ ಕಚೇರಿಯನ್ನು ನಮ್ಮ ಲೆಂಟನ್ನಿನ ವಿಲೋ ರೋಡಿಗೇ ತಂದಿತು. 2002ರಲ್ಲಿ ರ‍್ಯಾಲೆಯ ಕಾರ್ಖಾನೆ ಮುಚ್ಚಿತು. 2016ರಲ್ಲಿ ಸಿಗರೇಟಿನ ಕಾರ್ಖಾನೆಯೂ. ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಕಿರುಗೊಂಬೆಯ ಕಸುಬು ಮಾತ್ರ ಉಳಿದು, 2024ರ ಡಿಸೆಂಬರಿನಲ್ಲಿ ಲಂಡನ್ ಶೇರುಪೇಟೆಯ ಮೊದಲ ನೂರು ಸಂಸ್ಥೆಗಳ ಸಾಲಿಗೆ ಸೇರಿತು. ಊರಿನ ಮಟ್ಟಿಗೆ ಇದು ಸಂತೋಷದ ವಿಷಯವೇ. ಆದರೆ ಕಂಪ್ಯೂಟರಿನಲ್ಲಿ ಕಡೆದ ಇಂದಿನ ಗೊಂಬೆಗಳು, ಎಷ್ಟು ಸೂಕ್ಷ್ಮವೋ ಅಷ್ಟೇ ಹಟಮಾರಿಗಳು: ಅರ್ಧ ಮೇಲಂಗಿ ಎಡಗಾಲಿನೊಡನೆ, ಇನ್ನರ್ಧ ಬೆನ್ನಿನೊಡನೆ ಎಂಬಂತೆ ತುಂಡರಿಸಿರುವುದರಿಂದ, ಒಬ್ಬನ ತೋಳು ಇನ್ನೊಬ್ಬನ ಭುಜವನ್ನು ಸುಲಭವಾಗಿ ಒಪ್ಪದು. ಅಂದು ಹತ್ತು ವರ್ಷದ ಮಗು ಅಂಟಿನ ಒಂದು ಹನಿಯಿಂದ ಮಾಡುತ್ತಿದ್ದುದಕ್ಕೆ ಇಂದು ಗರಗಸ ಬೇಕು. ಈ ನಷ್ಟವನ್ನು ಯಾವ ಅಂದವೂ ತುಂಬಿಕೊಡಲಾರದೆಂದೇ ನನ್ನ ಅಭಿಪ್ರಾಯ.

ಮಗನ ಮನೆಯಲ್ಲಿ ಈಗ ದ್ರವರಾಳದಿಂದ ಪದರಪದರವಾಗಿ ಗೊಂಬೆಯನ್ನು ಎತ್ತುವ ಮುದ್ರಣಯಂತ್ರವಿದೆ. ಬೇಕಾದ ತೋಳು, ಬೇಕಾದ ತಲೆ, ರಾತ್ರಿ ಹೇಳಿದರೆ ಬೆಳಗಾಗುವುದರೊಳಗೆ ಸಿದ್ಧ. ಕೂಡಿಸುವ ಸ್ವಾತಂತ್ರ್ಯ ಆ ದಾರಿಯಿಂದ ಮರಳಿ ಬಂದಿದೆಯೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗದ ರಾಳವು ಚರ್ಮಕ್ಕೂ ಹೊಟ್ಟೆಗೂ ವಿಷ. ಅದನ್ನು ತೊಳೆಯುವ ಆಲ್ಕೊಹಾಲಿನ ಆವಿಯೂ ಒಳ್ಳೆಯದಲ್ಲ. ಕೈಗವಸು ತೊಟ್ಟು ಅವನು ಒಳಗೆ ದುಡಿಯುವಾಗ, ಅವನ ಬೂದುಬಣ್ಣದ ಬೆಕ್ಕು, ನಾನು ಬೂದಿಯೆಂದು ಕರೆಯುವವಳು, ಬಾಗಿಲಿನ ಸಂದಿನಲ್ಲಿ ಪಂಜವನ್ನು ತೂರಿಸಿ ಕೂಗುತ್ತಿರುತ್ತಾಳೆ; ಆ ಕೂಗನ್ನು ನಾನು 1984ರಲ್ಲಿಯೇ ಕೇಳಿದ್ದೇನೆ.

ಆದುದರಿಂದ ಅವರ ಮನೆಗೆ ಹೋದಾಗ ನಾನು ಮುದ್ರಣದ ಕೋಣೆಗೆ ಹೋಗುವುದಿಲ್ಲ. ಹಳೆಯ ಡಬ್ಬಿಯನ್ನು ಊಟದ ಮೇಜಿನ ಮೇಲೆ ಸುರಿದುಕೊಂಡು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ; ಬೂದಿ ಡಬ್ಬಿಯ ಮುಚ್ಚಳದಲ್ಲಿ ಮುದುಡಿ ಕೂರುತ್ತಾಳೆ. ಕಳೆದ ವಾರ 1987ರ ಪೆಟ್ಟಿಗೆಯ ಒಂದು ಜೊತೆ ಕಾಲುಗಳು ಸಿಕ್ಕಿದವು. "ತಾತ, ಇವುಗಳಿಗೆ ಮೀನಿನ ತಲೆ ಇಡೋಣವೇ?" ಎಂದಳು ಮಗು. ಇಟ್ಟೆವು. ಹಸುರು ಮೆದ್ದೆ ಗಟ್ಟಿಯಾಗಲು ಒಂದು ರಾತ್ರಿ ಬೇಕು. ಬೆಕ್ಕಿನ ಪಂಜ ತಾಗದಂತೆ ಅದರ ಮೇಲೆ ಮೈಸೂರಿನಿಂದ ತಂದ ಸ್ಟೀಲಿನ ಡಬರಿಯನ್ನು ಕವುಚಿ, ಅದರ ಮೇಲೆ ಭಾರಕ್ಕೆ ಕುಟ್ಟಾಣಿಯನ್ನಿಟ್ಟು, ದೀಪ ಆರಿಸಿದೆವು.