ಇಳಿತದ ಪಾಲು

ಅಘನಾಶಿನಿ ನದಿ ಸಮುದ್ರ ಸೇರುವ ಮುಂಚೆ ಕುಮಟಾ ತಾಲ್ಲೂಕಿನಲ್ಲಿ ಮೈಚಾಚಿ ಮಲಗುತ್ತದಲ್ಲ, ಅದರ ಅಂಚಿನ ತಗ್ಗುಗದ್ದೆಗಳೇ ಗಜನಿ. ಮಳೆಗಾಲದಲ್ಲಿ ಅಲ್ಲಿ ಉಪ್ಪಿಗೂ ನೆರೆಗೂ ಜಗ್ಗದ ಕಗ್ಗ ಭತ್ತ; ಕೊಯ್ಲು ಮುಗಿದರೆ ಮೀನು. ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ನಿಂತಲ್ಲೇ ಬಿಡುತ್ತಿದ್ದರು. ಅದು ಕೊಳೆತು ಶೆಟ್ಲಿಗೆ, ಅಂದರೆ ಸಿಗಡಿಗೆ, ಮೇವು.

ಗಜನಿಯ ಕಟ್ಟೆಗೊಂದು ಬಾಯಿ, ಅದೇ ಜಂತ್ರಡಿ. ಒಂದರ ಮೇಲೊಂದು ಕೂರುವ ಮರದ ಹಲಗೆಗಳು, ಸಂದಿಗೆ ಮೆತ್ತಿದ ಕೆಸರು. ಉಬ್ಬರದಲ್ಲಿ ಹಲಗೆ ಎತ್ತಿದರೆ ನೀರಿನ ಜತೆ ಮೀನಿನ ಮರಿಗಳೂ ಒಳಗೆ. ಮುಂದೊಂದು ಇಳಿತಕ್ಕೆ ಬಾಯಿಗೆ ಚೀಲದಂಥ ಬಲೆ ಕಟ್ಟಿ ಮತ್ತೆ ಎತ್ತಬೇಕು. ಅಮಾಸೆ, ಹುಣ್ಣಿಮೆಗೆ ದೊಡ್ಡ ನೀರು. ನಾನು ನಿದ್ದೆಗಣ್ಣಲ್ಲಿ ಕಂದೀಲು ಹಿಡಿದು ಅವಸರ ಮಾಡಿದರೆ ಅಜ್ಜ ಬೀಡಿ ಆರಿಸದೆ ಹೇಳುತ್ತಿದ್ದ: "ನೀರಿಗೇ ಗಡಿಬಿಡಿ ಇಲ್ಲ ತಮಾ, ನಿಂಗೆಂತಕೆ?" ಹಲಗೆ ಕಿರುಗುಟ್ಟಿ ಮೇಲೇಳುತ್ತಲೂ ಬಲೆ ಬಿಗಿದು ನಡುಗುತ್ತಿತ್ತು, ಹಿಡಿದ ಹಗ್ಗದಲ್ಲೇ ಮೀನಿನ ತೂಕ ತಿಳಿಯುತ್ತಿತ್ತು. ದೊಡ್ಡದು ಪೇಟೆಗೆ, ನಡುವಿನದು ಪಾಲುದಾರರಿಗೆ. ಬುಟ್ಟಿ ಹಿಡಿದು ಬಂದು ಕಟ್ಟೆಯ ಮೇಲೆ ಕೂತವರಿಗೂ ಒಂದು ಬೊಗಸೆ. ಯಾರೂ ಕೇಳುತ್ತಿರಲಿಲ್ಲ, ಅಜ್ಜ ಮರೆಯುತ್ತಲೂ ಇರಲಿಲ್ಲ.

1970ರ ದಶಕದಲ್ಲಿ ಸರ್ಕಾರವೇ ಗಟ್ಟಿಕಟ್ಟೆ ಕಟ್ಟಿಸಿತು. ಒಳ್ಳೆಯದೇ, ಆದರೆ ಕಟ್ಟೆ ಒಡೆದರೆ ಹಾರೆ ಹಿಡಿದು ಓಡುವ ಕೆಲಸ ಅಲ್ಲಿಗೆ ಯಾರದೂ ಅಲ್ಲದಾಯಿತು. ಬೆನ್ನಿಗೇ ಸಿಗಡಿ ಗುತ್ತಿಗೆಯ ದುಡ್ಡು. ವರ್ಷವಿಡೀ ಉಪ್ಪುನೀರು ನಿಂತಲ್ಲಿ ಕಗ್ಗ ಎಲ್ಲಿ ಬೇರೂರೀತು? ಕರಾವಳಿಯ ಸಿಗಡಿ ಕೆರೆಗಳ ವಿರುದ್ಧ 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ನಮ್ಮ ಮನೆಯ ಬಲೆ ಅಟ್ಟ ಸೇರಿತ್ತು.

ನಮ್ಮಂತೆಯೇ ಇಳಿತವನ್ನು ನಂಬಿದವರು ಬೇರೆಡೆಯೂ ಇದ್ದರು. ತೈವಾನಿನ ಪೆಂಗ್ಹು ದ್ವೀಪಗಳಲ್ಲಿ ಇಳಿತಕ್ಕೆ ಮೀನು ತಡೆಯುವ ಕಲ್ಲಿನ ಬೇಲಿಗಳು ಐನೂರಕ್ಕೂ ಹೆಚ್ಚು. ಕಪ್ಪು ಬಸಾಲ್ಟು, ಹವಳದ ಕಲ್ಲು, ಗಾರೆಯ ಹಂಗಿಲ್ಲ. ಪಾಲುದಾರರು ಚೀಟಿ ಎತ್ತಿ ಪಾಳಿ ಹಂಚಿಕೊಳ್ಳುತ್ತಿದ್ದರಂತೆ. ಯುವಕರು ಊರು ಬಿಟ್ಟರು, ಅಲೆ ಕೆಡವಿದ ಕಲ್ಲನ್ನು ಎತ್ತಿಡುವವರು ಕಡಿಮೆಯಾದರು. ಈಗ ಅವುಗಳಲ್ಲಿ ಕೆಲವು ಕಾನೂನಿನ ರಕ್ಷಣೆಯ ಪರಂಪರೆ. ಹೃದಯದಾಕಾರದ ಜೋಡಿ ಬೇಲಿಯೆದುರು ನವದಂಪತಿಗಳ ಫೋಟೊ. ನನಗೆ ಹೊಟ್ಟೆಕಿಚ್ಚೇ ಆಯಿತೆನ್ನಿ, ಕಲ್ಲಾದರೂ ಉಳಿಯಿತಲ್ಲ! ನಮ್ಮ ಹಲಗೆ ಗೆದ್ದಲಿಗೆ, ಕೆಸರು ಹೊಳೆಗೆ.

ಅಘನಾಶಿನಿ ಅಳಿವೆಯೂ 2024ರಲ್ಲಿ ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿತು. ಸಂತೋಷ. ಹಕ್ಕಿಗೆ, ಬೆಳಚು ಚಿಪ್ಪಿಗೆ, ಕಾಂಡ್ಲಾ ಕಾಡಿಗೆ ಕಾವಲು ಬೇಕೇ ಬೇಕು. ಆದರೆ ನಮ್ಮ ಗಜನಿಯ ಗುತ್ತಿಗೆ ಪತ್ರ ಮೊನ್ನೆ ನನ್ನ ಸಹಿಗೂ ಬಂತು: ಎಕರೆ ಇಷ್ಟು, ಅವಧಿ ಇಷ್ಟು, ಬಾಡಿಗೆ ಇಷ್ಟು. ಬುಟ್ಟಿ ಹಿಡಿದು ಬಂದವರ ವಿಚಾರಕ್ಕೆ ಅದರಲ್ಲೊಂದು ಕಲಮಿದೆ, ಅತಿಕ್ರಮ ಪ್ರವೇಶ ಅಂತ.