ಮನೆ ಕಟ್ಟುವ ಹಾವು

ಗೆದ್ದಲು ಕಷ್ಟಪಟ್ಟು ಕಟ್ಟಿದ ಹುತ್ತಕ್ಕೆ ಹಾವು ಬಂದು ಒಡೆಯನಾಗುತ್ತದೆ ಎಂಬ ಮಾತನ್ನು ನಮ್ಮ ಹಮ್ಮಿಗಿಯಲ್ಲಿ ಹೊಲದ ಬದು ಒತ್ತಿದವರಿಗೆ, ಕಂಡವರ ಆಸ್ತಿ ನುಂಗಿದವರಿಗೆ ಇವತ್ತಿಗೂ ಆಡುತ್ತಾರೆ. ನಮ್ಮ ಎರಿಹೊಲದ ನಾಗರಕ್ಕೆ ಆ ಮಾತು ಒಪ್ಪುತ್ತದೆ. ಹುತ್ತವೋ ಇಲಿಬಿಲವೋ, ಯಾರೋ ತೋಡಿದ್ದರಲ್ಲಿ ಅದರ ಸಂಸಾರ. ಕಾಳಿಂಗ ಸರ್ಪಕ್ಕೆ ಮಾತ್ರ ಒಪ್ಪುವುದಿಲ್ಲ. ಜಗತ್ತಿನಲ್ಲಿ ಇಷ್ಟು ಜಾತಿಯ ಹಾವುಗಳಿದ್ದರೂ ಎಲೆ ಕೂಡಿಸಿ ಮೊಟ್ಟೆಗೊಂದು ಗೂಡು ಕಟ್ಟುವುದು ಕಾಳಿಂಗದ ಕುಲವೊಂದೇ.

ಇದನ್ನು ಹೇಳಿದಾಗ ಅವ್ವ ಜೋಳ ಹಸನು ಮಾಡುವ ಮೊರ ಕೆಳಗಿಟ್ಟು ಕೇಳಿದಳು: "ಅಲ್ಲೋ ತಮ್ಮಾ, ಕೈ ಇಲ್ಲ, ಕಾಲಿಲ್ಲ. ಎಲಿ ಹೆಂಗ ತರತೈತಿ? ಬಾಯಾಗ ಹಿಡದು ತರತೈತೇನು?"

ಬಾಯಲ್ಲಲ್ಲ, ಮೈಯಲ್ಲಿ. ಬೇಸಿಗೆಯಲ್ಲಿ ಮಲೆನಾಡಿನ ಆಗುಂಬೆಯ ಕಾಡಿನ ನೆಲದ ಮೇಲೆ ತರಗೆಲೆ ದಪ್ಪಗೆ ಬಿದ್ದಿರುತ್ತದೆ. ಬಸುರಿ ಹೆಣ್ಣು ಒಂದು ಜಾಗ ಆರಿಸಿ, ಮೈಯನ್ನು ಕೊಕ್ಕೆಯಂತೆ ಬಾಗಿಸಿ, ಸುತ್ತಲಿನ ಎಲೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಳೆದದ್ದನ್ನು ಒತ್ತುತ್ತದೆ, ಮತ್ತೆ ಎಳೆಯುತ್ತದೆ. ಬಿದಿರೆಲೆ ಸಿಕ್ಕರೆ ಅದೂ ಸರಿ. ಮೊಣಕಾಲೆತ್ತರದ ಗುಪ್ಪೆಯಾದ ಮೇಲೆ ಒಳಗೆ ಇಪ್ಪತ್ತು ಮೂವತ್ತು ಮೊಟ್ಟೆ. ಮೇಲೆ ಅದೇ ಕಾವಲು. ಎಲೆಗಳು ಎಷ್ಟು ಬಿಗಿಯಾಗಿ ಒಂದರ ಮೇಲೊಂದು ಕೂತಿರುತ್ತವೆಂದರೆ ಮುಂಗಾರು ಹೊಡೆದರೂ ಒಳಗಿನ ಮೊಟ್ಟೆ ತೋಯುವುದಿಲ್ಲ. ಅದೂ ಎಂಥ ಮಳೆ! ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಊರು ಅದು. ನಮ್ಮ ಮುಂಡರಗಿ ಸೀಮೆಗೆ ಅದರ ಹತ್ತರಲ್ಲಿ ಒಂದು ಪಾಲೂ ಬೀಳುವುದಿಲ್ಲ.

ಬೀಳದಿದ್ದರೂ ಆ ಮಳೆ ನಮ್ಮೂರಿಗೆ ಬರುತ್ತದೆ. ಆಗುಂಬೆಯ ಒಂದು ಮಗ್ಗುಲಿನ ನೀರು ಸೀತಾನದಿಯಾಗಿ ಘಟ್ಟ ಇಳಿದು ಕಡಲು ಸೇರಿದರೆ, ಇನ್ನೊಂದು ಮಗ್ಗುಲಿನದು ಮಾಲತಿಯಾಗಿ ತುಂಗೆಗೆ ಬೀಳುತ್ತದೆ. ಕೂಡ್ಲಿಯಲ್ಲಿ ಭದ್ರೆ, ಗಳಗನಾಥದಲ್ಲಿ ವರದೆ ಜೊತೆಯಾಗಿ ಹಮ್ಮಿಗಿಯ ಬ್ಯಾರೇಜಿಗೆ ಹೊಸ ನೀರು ಕೆಂಪಗೆ ಬಂದು ಬಡಿಯುವ ಹೊತ್ತಿನಲ್ಲೇ ಅಲ್ಲಿ ಮೇಲೆ ಆ ಗೂಡುಗಳಲ್ಲಿ ಮೊಟ್ಟೆ ಒಡೆಯುತ್ತಿರುತ್ತವೆ. ಈ ಲೆಕ್ಕ ಹೊಳೆದಾಗಿನಿಂದ ಕಾಳಿಂಗ ನನಗೆ ಪರಸ್ಥಳದ ಪ್ರಾಣಿ ಅನ್ನಿಸಿಲ್ಲ.

ಹೆದರಿಕೆಯ ಮಾತನ್ನೂ ಆಡಬೇಕು. ವಿಷದ ಹಾವುಗಳಲ್ಲಿ ಇದಕ್ಕಿಂತ ಉದ್ದನೆಯದಿಲ್ಲ. ಹದಿನೆಂಟು ಅಡಿಯ ತನಕ ಬೆಳೆದದ್ದುಂಟು. ಮೈಯ ಮೂರರಲ್ಲೊಂದು ಪಾಲು ಎತ್ತಿ ನಿಂತರೆ ಎದುರಿನವನ ಎದೆಮಟ್ಟ ಬರುತ್ತದೆ, ಬುಸುಗುಡುವುದಕ್ಕಿಂತ ಗುರುಗುಟ್ಟಿದಂತೆ ಕೇಳುತ್ತದೆ. ಕಚ್ಚಿದರೆ ವಿಷದ ಪ್ರಮಾಣ ಹೆಚ್ಚು. ನರ ಸೋತು ಉಸಿರು ನಿಲ್ಲುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಔಷಧ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು, ಕಾಳಿಂಗದ್ದಕ್ಕಲ್ಲ. ಇಷ್ಟಿದ್ದೂ ಮಲೆನಾಡಿನಲ್ಲಿ ಕಾಳಿಂಗ ಕಚ್ಚಿ ಸತ್ತವರು ತೀರಾ ವಿರಳ. ರೈತರನ್ನೂ ಕೂಲಿಯವರನ್ನೂ ಹೆಚ್ಚಾಗಿ ಕೊಲ್ಲುವುದು ಆ ನಾಲ್ಕೇ. ಕಾಳಿಂಗಕ್ಕೆ ಮನುಷ್ಯನ ಗೊಡವೆ ಬೇಡ. ಅದರ ಊಟ ಬೇರೆ ಹಾವುಗಳು: ಕೇರೆ, ನಾಗರ, ಮಲೆಯ ಮಂಡಲ, ಒಮ್ಮೊಮ್ಮೆ ತನ್ನದೇ ಜಾತಿಯದು. ಬಸುರಿ ಹೆಣ್ಣನ್ನೇ ಗಂಡು ಕೊಂದದ್ದನ್ನು ಆಗುಂಬೆಯ ಕಡೆ ಕಂಡು ದಾಖಲಿಸಿದ್ದಾರೆ.

ಹಾವುತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೇ ಈ ಹಾವಿನ ಮೇಲಿನ ಪ್ರೀತಿಯಿಂದ. ಆಮೇಲೆ ಅಲ್ಲಿ ಹಾವಿನ ಮೈಯೊಳಗೆ ಸಣ್ಣ ರೇಡಿಯೊ ಇಟ್ಟು ಕಾಡಿನಲ್ಲಿ ಅದರ ಹಿಂದೆ ನಡೆದರು. 2024ರಲ್ಲಿ ಸಂಶೋಧಕ ಪಿ. ಗೌರಿ ಶಂಕರ್ ಮತ್ತು ಜೊತೆಗಾರರು ಒಂದೇ ಎಂದುಕೊಂಡಿದ್ದ ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದು ಈಗ ಓಫಿಯೊಫೇಗಸ್ ಕಾಳಿಂಗ. ಅದಕ್ಕೆ ನಮ್ಮ ಘಟ್ಟ ಬಿಟ್ಟರೆ ಬೇರೆ ನೆಲೆಯಿಲ್ಲ.

ಅವ್ವನಿಗೆ ಇದಾವುದೂ ದೊಡ್ಡದೆನಿಸಲಿಲ್ಲ. ಅವಳನ್ನು ಕಾಡಿದ್ದು ಕೊನೆಯ ಸಂಗತಿ. ವಾರಗಟ್ಟಲೆ ಹಸಿದು ಕಾದ ತಾಯಿ, ಮೊಟ್ಟೆ ಒಡೆಯುವ ಮುಂಚೆಯೇ ಗೂಡು ಬಿಟ್ಟು ಹೋಗುತ್ತದೆ. ಹಾವು ತಿನ್ನುವ ಹಾವು, ಹಸಿದ ಹೊಟ್ಟೆ, ಕಣ್ಣೆದುರಿಗೆ ಮರಿಗಳು. ಅದಕ್ಕೇ ಹೋಗುತ್ತದೆ ಎಂದು ಕೆಲವರ ಊಹೆ. "ಹೋಗಲಿ ಬಿಡು, ಪಾಪ," ಅಂದಳು ಅವ್ವ. "ಆ ಮರಿ ಹೆಂಗ ಬದಕತಾವು?" ಒಂದೂವರೆ ಅಡಿಯ ಮರಿ, ಕಪ್ಪು ಮೈಗೆ ಬಿಳಿ ಪಟ್ಟೆ. ಹುಟ್ಟುವಾಗಲೇ ಹಲ್ಲಲ್ಲಿ ವಿಷವಿರುತ್ತದೆ. ಆದರೂ ಬಹಳಷ್ಟು ಬದುಕುವುದಿಲ್ಲ.

ಬದುಕಬೇಕಾದರೆ ಮೊದಲು ಗೂಡು ಉಳಿಯಬೇಕು. ಮಲೆನಾಡಿನವರು ಕೊಟ್ಟಿಗೆಗೆಂದು ದರಗು, ಅಂದರೆ ತರಗೆಲೆ, ಗುಡಿಸುವುದು ಬೇಸಿಗೆಯಲ್ಲಿ, ಕಾಳಿಂಗ ಗೂಡಿಗಿಳಿಯುವುದೂ ಬೇಸಿಗೆಯಲ್ಲೇ. ಗುಪ್ಪೆಯ ಮೇಲೆ ಹೆಡೆ ಕಂಡರೆ ಹಿಡಿದು ದೂರದ ಕಾಡಿಗೆ ಬಿಡಿಸುವುದು ಸುಲಭವೆನಿಸುತ್ತದೆ. ಆದರೆ ಗೊತ್ತಿಲ್ಲದ ಕಾಡಿಗೆ ಬಿದ್ದ ಹಾವು ದಿಕ್ಕುಗೆಟ್ಟು ಅಲೆಯುವುದನ್ನು ರೇಡಿಯೊ ತೋರಿಸಿಕೊಟ್ಟಿದೆ. ಆ ಸೀಮೆಯಲ್ಲಿ ಅರಣ್ಯ ಇಲಾಖೆಗೆ ತಿಳಿಸಿ, ಗೂಡನ್ನು ಇದ್ದಲ್ಲೇ ಬಿಟ್ಟು, ಮೊಟ್ಟೆ ಒಡೆಯುವ ಹೊತ್ತಿಗೆ ಸುತ್ತ ಬಲೆ ಕಟ್ಟಿ, ಮರಿಗಳನ್ನು ಹತ್ತಿರದ ಕಾಡಿಗೇ ಸೇರಿಸಿದ ತೋಟದವರಿದ್ದಾರೆ. ಸುಮಾರು ಮೂರು ತಿಂಗಳು ಆ ಒಂದು ಮೂಲೆಯ ದರಗು ಮುಟ್ಟದೆ ಇರಬೇಕು, ಮಕ್ಕಳನ್ನೂ ನಾಯಿಯನ್ನೂ ಅತ್ತ ಬಿಡಬಾರದು. ಅವರು ಅಷ್ಟನ್ನು ಮಾಡುತ್ತಾರೆ.